ಟಿಪ್ಪು ಸುಲ್ತಾನನ ಎರಡು ಗುಂಡಿನ ಬಂದೂಕು: ಅರಮನೆ ದಾಟಿ ಸೈನ್ಯ ಸೇರದ ಆಯುಧದ ಕಥೆ

ಟಿಪ್ಪು ಸುಲ್ತಾನನ ಆಯುಧಗಳ ಬಗ್ಗೆ ನಮ್ಮ ಮೊಬೈಲ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತಲೇ ಇರುತ್ತವೆ. ಒಂದು ಬಗೆಯದರಲ್ಲಿ ಟಿಪ್ಪುವೇ ರಾಕೆಟ್ ಕಂಡುಹಿಡಿದ, ಸತತವಾಗಿ ಗುಂಡು ಹಾರಿಸುವ ರೈಫಲ್ಲನ್ನೂ ಜಗತ್ತಿನಲ್ಲಿ ಮೊದಲು ಅವನೇ ಮಾಡಿಸಿದ, ಅದಕ್ಕೇ ನಾಸಾದವರು ಅವನ ಚಿತ್ರ ತೂಗುಹಾಕಿದ್ದಾರೆ ಎಂದಿರುತ್ತದೆ. ಇನ್ನೊಂದು ಬಗೆಯದರಲ್ಲಿ ಟಿಪ್ಪುವಿನದು ಏನೂ ಇಲ್ಲ, ಎಲ್ಲವನ್ನೂ ಫ್ರೆಂಚರೇ ಮಾಡಿಕೊಟ್ಟರು ಎಂದಿರುತ್ತದೆ. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಗ್ರೂಪ್‌ಗಳಲ್ಲೂ ಇವೆರಡೂ ಸುತ್ತುತ್ತವೆ. ಓದಿದವರು ತಮಗೆ ಬೇಕಾದದ್ದನ್ನು ಮುಂದಕ್ಕೆ ಕಳಿಸುತ್ತಾರೆ.

ಎರಡರಲ್ಲೂ ಸ್ವಲ್ಪ ನಿಜ ಇದೆ, ಹೆಚ್ಚು ಸುಳ್ಳಿದೆ. ಯಾವುದು ಎಷ್ಟು ಎಂದು ನೋಡಲು ನಾವು ಇಲ್ಲಿ ಒಂದೇ ಒಂದು ಬಂದೂಕಿನ ಜಾಡು ಹಿಡಿದು ಟಿಪ್ಪುವಿನ ಬದುಕನ್ನು ನೋಡೋಣ. ಅದು ಒಂದೇ ನಳಿಗೆಯಿಂದ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಿದ್ದ ಬಂದೂಕು. ಆ ಕಾಲಕ್ಕೆ ಬಹಳ ಜಾಣತನದ ವಸ್ತು. ಆದರೂ ಅದು ಟಿಪ್ಪುವಿನ ಸಾಮಾನ್ಯ ಸಿಪಾಯಿಯ ಕೈಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದು ತಿಳಿದರೆ ಫಾರ್ವರ್ಡ್‌ಗಳು ಎಲ್ಲಿ ತಪ್ಪುತ್ತವೆ ಎಂಬುದೂ ತಿಳಿಯುತ್ತದೆ.

ಇಂಗ್ಲೆಂಡಿನ ಮನೆಯೊಂದರಲ್ಲಿ ಸಿಕ್ಕ ಬಂದೂಕು

2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಲ್ಲಿ ಒಂದು ಹರಾಜು ನಡೆಯಿತು. ಅಲ್ಲಿನ ಒಂದು ಕುಟುಂಬದ ಮನೆಯಲ್ಲಿ ತಲೆಮಾರುಗಳಿಂದ ಉಳಿದಿದ್ದ ಟಿಪ್ಪು ಕಾಲದ ಕತ್ತಿಗಳು ಮತ್ತು ಒಂದು ಬಂದೂಕು ಹರಾಜಿಗೆ ಬಂದಿದ್ದವು. ಆ ಕುಟುಂಬದ ಹಿರಿಯರೊಬ್ಬರು ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ವಸ್ತುಗಳು ಅವರೊಂದಿಗೆ ಇಂಗ್ಲೆಂಡ್ ಸೇರಿದ್ದವು. ಬಂದೂಕು 60,000 ಪೌಂಡಿಗೆ ಮಾರಾಟವಾಯಿತು.

ಬಂದೂಕಿಗೆ ಬೆಳ್ಳಿಯ ಅಲಂಕಾರವಿದೆ, ಮುಂದೆ ಸನೀನು, ಅಂದರೆ ಬಯೊನೆಟ್ ಇದೆ. ಅದು ಶ್ರೀರಂಗಪಟ್ಟಣದಲ್ಲಿ 1793–94ರ ಸುಮಾರಿಗೆ ತಯಾರಾದದ್ದು ಎಂದು ಹರಾಜಿನವರು ಗುರುತಿಸಿದ್ದರು. ಮಾಡಿದವನು ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಕರ್ಮಿ. ಬಂದೂಕಿಗೆ ದೊಡ್ಡ ಪೆಟ್ಟು ಬಿದ್ದ ಗುರುತುಗಳಿವೆ. ಹಾಗಾಗಿ ಅದನ್ನು ಕೊನೆಯ ಯುದ್ಧದಲ್ಲಿ ಬಳಸಿದ್ದಿರಬಹುದು ಎಂಬ ಊಹೆ ಹುಟ್ಟಿತು. ಇದು ಊಹೆ ಮಾತ್ರ. ಅದೇ ಬಂದೂಕು ಟಿಪ್ಪುವಿನ ಕೈಯಲ್ಲಿತ್ತು ಎಂದು ಯಾರಾದರೂ ಫಾರ್ವರ್ಡ್ ಮಾಡಿದರೆ ಅದಕ್ಕೆ ಪುರಾವೆ ಇಲ್ಲ.

ಇದು ರೈಫಲ್ ಅಲ್ಲ

ಎಲ್ಲ ಬಂದೂಕೂ ರೈಫಲ್ ಅಲ್ಲ. ರೈಫಲ್‌ನ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡು ಅವುಗಳ ಮೇಲೆ ಜಾರಿ ಹೊರಬರುವಾಗ ಬುಗುರಿಯಂತೆ ತಿರುಗುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ ತಿರುಗುವ ಗುಂಡು ಅತ್ತಿತ್ತ ವಾಲದೆ ನೇರ ಹೋಗುತ್ತದೆ. ಗೀರಿಲ್ಲದ, ನುಣುಪಾದ ನಳಿಗೆಯದು ಮಸ್ಕೆಟ್ ಅಥವಾ ಸಾದಾ ಬಂದೂಕು. ಅದರ ಗುಂಡು ನೂರು ಗಜ ದಾಟಿದ ಮೇಲೆ ಎತ್ತ ಹೋಗುತ್ತದೆಂದು ಹೇಳುವುದು ಕಷ್ಟ.

ಹಾಗಾದರೆ ಆಗಿನ ಸೈನ್ಯಗಳು ರೈಫಲ್ಲನ್ನೇ ಯಾಕೆ ಹಿಡಿಯಲಿಲ್ಲ? ಗೀರುಗಳಿಗೆ ಬಿಗಿಯಾಗಿ ಕೂರುವಂತೆ ಗುಂಡನ್ನು ಬಾಯಿಯ ಕಡೆಯಿಂದ ತುರುಕಲು ಬಹಳ ಹೊತ್ತು ಬೇಕಿತ್ತು. ಸಾದಾ ಬಂದೂಕನ್ನು ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ತುಂಬಿ ಹಾರಿಸಬಲ್ಲವನಾಗಿದ್ದ. ಸಾಲಾಗಿ ನಿಂತು ಒಟ್ಟಿಗೆ ಗುಂಡು ಹಾರಿಸುವ ಯುದ್ಧದಲ್ಲಿ ಗುರಿಗಿಂತ ವೇಗಕ್ಕೆ ಬೆಲೆ ಹೆಚ್ಚಿತ್ತು.

ನಮ್ಮ ಕಥೆಯ ಬಂದೂಕು 20 ಬೋರಿನದು. ಹಾಗೆಂದರೆ ಅದರ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು 20 ಸೇರಿದರೆ ಒಂದು ಪೌಂಡ್ ತೂಗುತ್ತವೆ, ಒಂದೊಂದು ಸುಮಾರು 23 ಗ್ರಾಂ. ಮೂಲತಃ ಇದು ಶಿಕಾರಿ ಬಂದೂಕು. ಅದಕ್ಕೆ ಸನೀನು ಸೇರಿದ್ದರಿಂದ ಅರ್ಧ ಶಿಕಾರಿಯದು, ಅರ್ಧ ಯುದ್ಧದ್ದು ಎನ್ನಬಹುದು. ಅದರ ವಿಶೇಷ ಇರುವುದು ಗುಂಡು ತುಂಬುವ ಕ್ರಮದಲ್ಲಿ.

ಒಂದು ನಳಿಗೆ, ಎರಡು ಗುಂಡು: ಹೇಗೆ?

ಸಾದಾ ಬಂದೂಕಿನಲ್ಲಿ ಮೊದಲು ಮದ್ದಿನಪುಡಿ, ಅದರ ಮೇಲೆ ಗುಂಡು ಹಾಕಿ ಸಲಾಕೆಯಿಂದ ಒತ್ತುತ್ತಾರೆ. ನಳಿಗೆಯ ಬುಡದಲ್ಲಿ ಒಂದು ಸಣ್ಣ ತೂತಿರುತ್ತದೆ. ಚಕಮಕಿ ಕಲ್ಲು ಉಕ್ಕಿಗೆ ಬಡಿದು ಹಾರಿದ ಕಿಡಿ ಹೊರಗಿನ ಚಿಟಿಕೆ ಮದ್ದನ್ನು ಹೊತ್ತಿಸುತ್ತದೆ. ಆ ಬೆಂಕಿ ತೂತಿನ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ.

ಎರಡು ಗುಂಡಿನ ಬಂದೂಕಿನಲ್ಲಿ ಒಂದೇ ನಳಿಗೆಯೊಳಗೆ ಮದ್ದು, ಗುಂಡು, ಅದರ ಮುಂದೆ ಮತ್ತೆ ಮದ್ದು, ಗುಂಡು ಎಂದು ಸಾಲಾಗಿ ಕೂರಿಸುತ್ತಾರೆ. ಪ್ರತಿ ಮದ್ದಿಗೂ ಬೆಂಕಿ ತಾಗಿಸಲು ಬೇರೆ ಬೇರೆ ತೂತು. ಮುಂದಿನದು ಮೊದಲು ಹಾರಬೇಕು, ಆಮೇಲೆ ಹಿಂದಿನದು. ಮೊದಲ ಗುಂಡಿನ ನಂತರ ತುಂಬಲು ನಿಲ್ಲದೆ ತಕ್ಷಣ ಎರಡನೆಯದನ್ನು ಹಾರಿಸಬಹುದು. ಎದುರಿನವನು ಈಗ ಇವನ ಬಂದೂಕು ಖಾಲಿ ಎಂದುಕೊಂಡು ಮುನ್ನುಗ್ಗಿದರೆ ಕೆಟ್ಟ.

ಈ ಉಪಾಯ ಟಿಪ್ಪುವಿನದಲ್ಲ. ಯುರೋಪಿನಲ್ಲಿ 16ನೇ ಶತಮಾನದಲ್ಲೇ ಇಂಥ ಬಂದೂಕುಗಳಿದ್ದವು. ಟಿಪ್ಪುವಿನ ಕಾಲದಲ್ಲೇ ಅಮೆರಿಕದ ಜೋಸೆಫ್ ಬೆಲ್ಟನ್ ಎಂಬಾತ ಇದೇ ಬಗೆಯ, ಒಮ್ಮೆ ತುಂಬಿದರೆ ಎಂಟು ಗುಂಡು ಹಾರಿಸುವ ಬಂದೂಕನ್ನು 1777ರಲ್ಲಿ ಅಲ್ಲಿನ ಕಾಂಗ್ರೆಸ್ ಮುಂದಿಟ್ಟಿದ್ದ. ನೂರು ಬಂದೂಕಿಗೆ ಒಪ್ಪಿಗೆ ಕೊಟ್ಟ ಕಾಂಗ್ರೆಸ್, ಅವನು ಕೇಳಿದ ಹಣ ವಿಪರೀತ ಎಂದು ಕೆಲವೇ ದಿನಗಳಲ್ಲಿ ಕೈಬಿಟ್ಟಿತು. ಆತ ಮುಂದೆ ಲಂಡನ್ನಿಗೆ ಹೋಗಿ, ವಿಲಿಯಂ ಜೋವರ್ ಎಂಬ ಬಂದೂಕು ತಯಾರಕನ ಜೊತೆಗೂಡಿ, ಇಂಥ ಬಂದೂಕುಗಳನ್ನು 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮಾರಿದ. ಕಂಪನಿಯ ಸೈನ್ಯಕ್ಕೂ ಅದು ಸಾಮಾನ್ಯ ಆಯುಧವಾಗಲಿಲ್ಲ. ಅಂದರೆ ಎದುರು ಬದುರು ನಿಂತಿದ್ದ ಇಬ್ಬರೂ ಒಂದೇ ಉಪಾಯವನ್ನು ಪರೀಕ್ಷಿಸಿದ್ದರು, ಇಬ್ಬರ ಸಿಪಾಯಿಗಳೂ ಸಾದಾ ಬಂದೂಕಿನಲ್ಲೇ ಹೋರಾಡಿದರು.

ಬಾಣದವರ ಮನೆತನದ ಹುಡುಗ

ಟಿಪ್ಪು ಹುಟ್ಟಿದ್ದು 1751ರ ಸುಮಾರಿಗೆ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ ಆಗ ಮೈಸೂರು ಸೈನ್ಯದಲ್ಲಿ ಮೇಲೇರುತ್ತಿದ್ದ. ಹೈದರನ ತಂದೆ ಫತ್ ಮುಹಮ್ಮದ್ ಆರ್ಕಾಟಿನ ನವಾಬನ ಬಳಿ ಬಾಣದವರ ಸಣ್ಣ ಪಡೆಗೆ ನಾಯಕನಾಗಿದ್ದವನು. ಇಲ್ಲಿ ಬಾಣ ಎಂದರೆ ರಾಕೆಟ್. ಇದರಿಂದ ಫಾರ್ವರ್ಡಿನ ಮೊದಲ ಮಾತು ತಪ್ಪೆಂದು ತಿಳಿಯುತ್ತದೆ. ಟಿಪ್ಪು ಹುಟ್ಟುವ ಮೊದಲೇ ಅವನ ಅಜ್ಜನ ಕೈಯಲ್ಲಿ ರಾಕೆಟ್ ಇತ್ತು. ಚೀನಾದಲ್ಲಂತೂ ಅದಕ್ಕೂ ಶತಮಾನಗಳ ಮೊದಲೇ ಇತ್ತು.

ಹೈದರನಿಗೆ ಓದುಬರಹ ಬರುತ್ತಿರಲಿಲ್ಲ. ಮಗನಿಗೆ ಓದು, ಕುದುರೆ ಸವಾರಿ, ಗುರಿ ಹೊಡೆಯುವುದು ಎಲ್ಲವನ್ನೂ ಕಲಿಸಿದ. ಮೊದಲ ಆಂಗ್ಲೋ-ಮೈಸೂರು ಯುದ್ಧ ಶುರುವಾದ 1767ರಲ್ಲಿ ಇನ್ನೂ ಮೀಸೆ ಮೂಡುವ ವಯಸ್ಸಿನ ಟಿಪ್ಪು ಯುದ್ಧಭೂಮಿಯಲ್ಲಿದ್ದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ನಾಶವಾಯಿತು. ಬ್ರಿಟಿಷರ ಮದ್ದಿನ ಬಂಡಿಗಳು ಸ್ಫೋಟಿಸಿದ್ದು ಆ ಸೋಲಿಗೆ ದೊಡ್ಡ ಕಾರಣ. ಬಾಣಗಳ ಬೆಂಕಿ ತಾಗಿಯೇ ಅವು ಸಿಡಿದವು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಯುದ್ಧದ ಗೋಡೆಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನಲ್ಲಿ ಈಗಲೂ ನೋಡಬಹುದು.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. ಟಿಪ್ಪು ಅಧಿಕಾರಕ್ಕೆ ಬಂದ. 1784ರ ಮಂಗಳೂರು ಒಪ್ಪಂದದೊಂದಿಗೆ ಎರಡನೇ ಯುದ್ಧ ಮುಗಿಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಲೇಖನ ಆಯುಧಗಳ ಬಗ್ಗೆ ಮಾತ್ರ. ಕೊಡಗು, ಮಲಬಾರ್ ಮತ್ತು ಕರಾವಳಿಯ ಕ್ರೈಸ್ತರಲ್ಲಿ ಟಿಪ್ಪುವಿನ ನೆನಪು ನೋವಿನದು. 1784ರಲ್ಲಿ ಸಾವಿರಾರು ಕರಾವಳಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು ಇತಿಹಾಸದಲ್ಲಿ ದಾಖಲಾಗಿದೆ. ಬಂದೂಕಿನ ಜಾಣತನವನ್ನು ಮೆಚ್ಚಿದರೆ ಅದು ಅಳಿಸಿಹೋಗುವುದಿಲ್ಲ, ಅದನ್ನು ನೆನೆದರೆ ಬಂದೂಕಿನ ಕೆಲಸ ಸುಳ್ಳಾಗುವುದೂ ಇಲ್ಲ.

ನಮ್ಮ ಎಡೆದೊರೆ ನಾಡಿನ ಬಾಗಿಲಲ್ಲಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ನಾಡಿಗೆ, ಅಂದರೆ ರಾಯಚೂರು ದೋಆಬ್‌ಗೆ, ಬಂದೂಕು ಹೊಸದಾಗಿರಲಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾವೋ ಡಿ ಫಿಗೆರೆಡೋ ಎಂಬ ಪೋರ್ಚುಗೀಸನ ಬಂದೂಕುಧಾರಿಗಳು ಕೋಟೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದು ದಾರಿ ಮಾಡಿಕೊಟ್ಟಿದ್ದರು.

ಟಿಪ್ಪುವಿನ ಕಾಲಕ್ಕೆ ಈ ಸೀಮೆ ಹೈದರಾಬಾದಿನ ನಿಜಾಮನದು. ಅಂದರೆ ಸಿಂಧನೂರು, ಲಿಂಗಸುಗೂರಿನ ನಮ್ಮ ಹಿರೀಕರು ಟಿಪ್ಪುವಿನ ಎದುರಾಳಿಯ ರಾಜ್ಯದಲ್ಲಿದ್ದರು. 1786ರಲ್ಲಿ ಮರಾಠರು ಮತ್ತು ನಿಜಾಮನ ವಿರುದ್ಧ ಹೊರಟ ಟಿಪ್ಪು ಆದೋನಿಯನ್ನು ಹಿಡಿದು, ಮಳೆಗಾಲದಲ್ಲೇ ತುಂಗಭದ್ರೆಯನ್ನು ದಾಟಿದ. 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಇದೇ ಕಾಲದಲ್ಲಿ ಕೊಪ್ಪಳದ ಕೋಟೆ ಅವನ ಕೈಸೇರಿತು. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅದನ್ನು ಬಲಪಡಿಸಿದ.

ಸಿಂಧನೂರಿನಿಂದ ಕಾರಟಗಿ, ಗಂಗಾವತಿ ದಾಟಿ ಕೊಪ್ಪಳಕ್ಕೆ ಹೋದವರಿಗೆ ಬೆಟ್ಟದ ಮೇಲಿನ ಆ ಕೋಟೆ ಗೊತ್ತೇ ಇದೆ. ಮೂರನೇ ಯುದ್ಧದಲ್ಲಿ, 1790ರ ಕೊನೆಯಿಂದ 1791ರ ಏಪ್ರಿಲ್‌ವರೆಗೆ, ನಿಜಾಮ ಮತ್ತು ಕಂಪನಿಯ ಸೈನ್ಯಗಳು ಸುಮಾರು ಆರು ತಿಂಗಳು ಅದಕ್ಕೆ ಮುತ್ತಿಗೆ ಹಾಕಬೇಕಾಯಿತು. ಫ್ರೆಂಚರ ಪಾತ್ರ ಏನಿತ್ತು ಎಂಬುದಕ್ಕೆ ಕೊಪ್ಪಳವೇ ಒಂದು ಸಾಕ್ಷಿ. ಹೊರಗಿನ ಪರಿಣತಿಯನ್ನು ಟಿಪ್ಪು ಬೇಕೆಂದೇ ಕರೆಸಿಕೊಂಡ. ಆದರೆ ಕಲ್ಲು ಹೊತ್ತವರು, ಕಟ್ಟಿದವರು, ಕಾದವರು ಇಲ್ಲಿನವರು.

ಪ್ಯಾರಿಸ್‌ಗೆ ಹೋದ ಮೂವರು

1787ರಲ್ಲಿ ಟಿಪ್ಪು ಫ್ರಾನ್ಸಿನ ರಾಜ 16ನೇ ಲೂಯಿಯ ಬಳಿಗೆ ಮೂವರು ರಾಯಭಾರಿಗಳನ್ನು ಹಡಗಿನಲ್ಲಿ ಕಳಿಸಿದ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. 1788ರಲ್ಲಿ ಅವರು ಪ್ಯಾರಿಸ್ ಮುಟ್ಟಿದರು. ಬ್ರಿಟಿಷರ ವಿರುದ್ಧ ಸೈನಿಕ ನೆರವು ಕೇಳಿದ್ದಕ್ಕೆ ಫ್ರಾನ್ಸ್ ಒಪ್ಪಲಿಲ್ಲ. ಆದರೆ ಅವರು ಇನ್ನೊಂದನ್ನೂ ಕೇಳಿದ್ದರು: ಬೇರೆ ಬೇರೆ ಕಸುಬಿನ ಕುಶಲಕರ್ಮಿಗಳು. ಅದಕ್ಕೆ ಒಪ್ಪಿಗೆ ಸಿಕ್ಕಿತು. ರಾಯಭಾರಿಗಳ ಜೊತೆ ಕೆಲವು ಫ್ರೆಂಚ್ ಕಸುಬುದಾರರು ಮೈಸೂರಿಗೆ ಬಂದರು.

ಆ ವೇಳೆಗಾಗಲೇ ಟಿಪ್ಪುವಿನ ರಾಜ್ಯದಲ್ಲಿ ಕಾರ್ಖಾನೆಗಳಿದ್ದವು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ, ಈ ನಾಲ್ಕು ಕಡೆ ತಾರಾಮಂಡಲ ಎಂಬ ಹೆಸರಿನ ಪೇಟೆಗಳು ಆಯುಧ ಮತ್ತಿತರ ಕಸುಬುಗಳ ಕೇಂದ್ರಗಳಾಗಿದ್ದವು. ಅವನ ಖಾಸಗಿ ಬಂದೂಕುಗಳ ಮೇಲೆ ಹುಲಿಪಟ್ಟೆಯ ಅಲಂಕಾರ, ಹೈದರನ ಹೆಸರಿನ ಮುದ್ರೆ, ಮಾಡಿದವನ ಹೆಸರು, ಟಿಪ್ಪುವೇ ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷ ಕಾಣುತ್ತವೆ. ಆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಗೊತ್ತಿಲ್ಲದವರು ಎಡದಿಂದ ಓದಿದರೆ ವರ್ಷವೇ ತಪ್ಪುತ್ತದೆ.

ಬಂದೂಕಿನ ಮೇಲೆ ಇಲ್ಲಿನ ಕಸುಬುದಾರನ ಹೆಸರಿರುವುದನ್ನು ಗಮನಿಸಿ. ಎಲ್ಲವನ್ನೂ ಫ್ರೆಂಚರೇ ಮಾಡಿದರು ಎಂಬ ಫಾರ್ವರ್ಡಿಗೆ ಉತ್ತರ ಲೋಹದ ಮೇಲೆಯೇ ಇದೆ. ಚಕಮಕಿ ಬಂದೂಕಿನ ಮಾದರಿ ಯುರೋಪಿನದು. ಶ್ರೀರಂಗಪಟ್ಟಣದ ಕೈಗಳು ಅದನ್ನು ಕಲಿತು, ತಮ್ಮದಾಗಿಸಿಕೊಂಡು, ಕಷ್ಟದ ಎರಡು ಗುಂಡಿನ ಬಂದೂಕನ್ನೂ ಮಾಡುವ ಮಟ್ಟಕ್ಕೆ ಬಂದಿದ್ದವು.

ಸೋತ ಮರುವರ್ಷದ ಬಂದೂಕು

ಈ ಬಂದೂಕು ತಯಾರಾದ ಹೊತ್ತು ಎಂಥದು ಎಂದು ನೋಡಿದರೆ ಕಥೆಯ ತೂಕ ತಿಳಿಯುತ್ತದೆ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬ್ರಿಟಿಷರ ವಶವಾಯಿತು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪು ಸಹಿ ಹಾಕಬೇಕಾಯಿತು. ಅರ್ಧ ರಾಜ್ಯ ಹೋಯಿತು. ಕೊಪ್ಪಳದ ಸೀಮೆ ನಿಜಾಮನಿಗೆ ಸೇರಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಹಣ ಪೂರ್ತಿ ಸಂದಾಯವಾಗುವವರೆಗೆ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷರ ಬಳಿ ಒತ್ತೆ ಇಡಬೇಕಾಯಿತು. ಅವರು ಮರಳಿದ್ದು 1794ರಲ್ಲಿ.

ಎರಡು ಗುಂಡಿನ ಬಂದೂಕು ಆದದ್ದು ಈ ನಡುವೆಯೇ. ಖಜಾನೆ ಬರಿದಾಗಿದೆ, ಮಕ್ಕಳು ಶತ್ರುವಿನ ಬಳಿ ಇದ್ದಾರೆ, ಮುಂದಿನ ಯುದ್ಧ ಬಂದೇ ಬರುತ್ತದೆ ಎಂದು ಗೊತ್ತಿದೆ. ಒಬ್ಬ ಸಿಪಾಯಿ ಇಬ್ಬರಷ್ಟು ಗುಂಡು ಹಾರಿಸುವಂತಿದ್ದರೆ ಆ ಸೈನ್ಯಕ್ಕೆ ಅದಕ್ಕಿಂತ ಬೇಕಾದದ್ದು ಬೇರೇನಿತ್ತು? ಆದರೂ ಬಂದೂಕು ಅರಸನ ಆಯುಧಶಾಲೆಯಲ್ಲೇ ಉಳಿಯಿತು.

ಸೈನ್ಯ ಸೇರದಿರಲು ನಾಲ್ಕು ಕಾರಣ

ಟಿಪ್ಪುವಿನ ಸೈನ್ಯವಷ್ಟೇ ಅಲ್ಲ, ಆ ಕಾಲದ ಯಾವ ದೊಡ್ಡ ಸೈನ್ಯವೂ ಇಂಥ ಬಂದೂಕನ್ನು ಎಲ್ಲ ಸಿಪಾಯಿಗಳಿಗೂ ಕೊಡಲಿಲ್ಲ. ಕಾರಣಗಳು ತಾಂತ್ರಿಕವಾದವು.

ಮೊದಲನೆಯದು ಅಪಾಯ. ಮುಂದಿನ ಮದ್ದಿನ ಬೆಂಕಿ ಹಿಂದಿನ ಮದ್ದಿಗೆ ತಾಗದಂತೆ ತಡೆಯುವುದು ನಡುವಿನ ಗುಂಡೇ. ಅದು ಸ್ವಲ್ಪ ಸಡಿಲವಾಗಿ ಕೂತರೂ ಬೆಂಕಿ ನುಸುಳಿ ಎರಡೂ ಒಟ್ಟಿಗೆ ಸಿಡಿಯುತ್ತವೆ. ಗಾಬರಿಯಲ್ಲಿ ಹಿಂದಿನದನ್ನೇ ಮೊದಲು ಹಾರಿಸಿದರೆ ಮುಂದಿನ ಗುಂಡು ನಳಿಗೆಗೆ ಬೆಣೆಯಂತಾಗಿ ಬಂದೂಕು ಕೈಯಲ್ಲೇ ಒಡೆಯಬಹುದು. ಶಿಕಾರಿಗೆ ಹೋದ ಅರಸನಿಗೆ ಸಮಾಧಾನದಿಂದ ತುಂಬಿಕೊಡುವ ಸೇವಕರಿದ್ದರು. ಹೊಗೆ ತುಂಬಿದ ಯುದ್ಧದ ಸಾಲಿನಲ್ಲಿ ಸಿಪಾಯಿಗೆ ಆ ಪುರುಸೊತ್ತಿರಲಿಲ್ಲ.

ಎರಡನೆಯದು ಸಮಯ. ಮೊದಲ ಎರಡು ಗುಂಡು ಬೇಗ ಹಾರುತ್ತವೆ, ನಿಜ. ಆಮೇಲೆ ಮತ್ತೆ ತುಂಬಲು ಎರಡರಷ್ಟು ಹೊತ್ತು ಬೇಕು, ಅದೂ ಬಹಳ ಎಚ್ಚರದಿಂದ. ಅರ್ಧ ಗಂಟೆಯ ಕಾದಾಟದಲ್ಲಿ ಲಾಭ ಕರಗಿಹೋಗುತ್ತದೆ.

ಮೂರನೆಯದು ಬಿಡಿಭಾಗ. ಸಿಂಧನೂರಿನಲ್ಲಿ ಭತ್ತದ ಕಟಾವಿನ ಹೊತ್ತಿಗೆ ಯಂತ್ರದ ಒಂದು ಬೇರಿಂಗ್ ಹೋಯಿತು ಅನ್ನಿ. ಅಂಗಡಿಗೆ ಹೋಗಿ ಅದೇ ನಂಬರಿನದನ್ನು ತಂದು ಹಾಕಿದರೆ ಸಾಯಂಕಾಲಕ್ಕೆ ಯಂತ್ರ ಗದ್ದೆಗಿಳಿಯುತ್ತದೆ. ಎಲ್ಲ ಬೇರಿಂಗ್‌ಗಳೂ ಒಂದೇ ಅಳತೆಯವಾದ್ದರಿಂದ ಇದು ಸಾಧ್ಯ. 18ನೇ ಶತಮಾನದ ಬಂದೂಕಿನಲ್ಲಿ ಹೀಗಿರಲಿಲ್ಲ. ಪ್ರತಿ ಸ್ಕ್ರೂ, ಪ್ರತಿ ಸ್ಪ್ರಿಂಗ್ ಕೈಯಿಂದ ಅರ ಹಾಕಿ ಆ ಒಂದು ಬಂದೂಕಿಗಷ್ಟೇ ಹೊಂದಿಸಿದ್ದು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಒಂದೇ ಅಳತೆಯ ಬಿಡಿಭಾಗಗಳ ಬಂದೂಕನ್ನು ಫ್ರಾನ್ಸಿನ ಒನೊರೆ ಬ್ಲಾಂಕ್ ಎಂಬಾತ 1785ರಲ್ಲಿ ಮಾಡಿ ತೋರಿಸಿದ್ದ, ಆದರೆ ಅದು ಎಲ್ಲೆಡೆ ರೂಢಿಗೆ ಬರಲು ಇನ್ನೂ ಹಲವು ದಶಕ ಹಿಡಿಯಿತು. ಹಾಗಿರುವಾಗ ಸಾದಾ ಬಂದೂಕಿಗಿಂತ ಹೆಚ್ಚು ಭಾಗಗಳಿರುವ ಬಂದೂಕು ಯುದ್ಧದ ನಡುವೆ ಕೆಟ್ಟರೆ ಮೂಲೆ ಸೇರಿದಂತೆಯೇ.

ನಾಲ್ಕನೆಯದು ಖರ್ಚು. ನುರಿತ ಕಸುಬುದಾರ ಇಂಥ ಒಂದು ಬಂದೂಕಿಗೆ ಕೊಡುವ ಸಮಯದಲ್ಲಿ ಹಲವು ಸಾದಾ ಬಂದೂಕುಗಳು ಆಗುತ್ತವೆ. ಅಮೆರಿಕದ ಕಾಂಗ್ರೆಸ್ ಬೆಲ್ಟನ್‌ನನ್ನು ಕೈಬಿಟ್ಟದ್ದೂ ಹಣದ ಕಾರಣಕ್ಕೇ.

ಬಾಣ ಯಾಕೆ ಗೆದ್ದಿತು?

ಈಗ ಇದರ ಪಕ್ಕದಲ್ಲಿ ಮೈಸೂರಿನ ಬಾಣವನ್ನು ಇಟ್ಟು ನೋಡಿ. ಸುಮಾರು 20 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆ, ಒಳಗೆ ಮದ್ದು, ಬಾಲಕ್ಕೆ ಕಟ್ಟಿದ ಬಿದಿರಿನ ಗಳು. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ. ಒಂದೊಂದೂ ಸ್ವಲ್ಪ ಬೇರೆ ಅಳತೆಯದಿದ್ದರೂ ನಡೆಯುತ್ತದೆ. ಕಮ್ಮಾರರು ಕೊಳವೆ ಬಡಿದು ಕೊಟ್ಟರೆ ಉಳಿದದ್ದನ್ನು ತರಬೇತಿ ಪಡೆದ ಯಾರೂ ಮಾಡಬಹುದು.

ಹೊಸತನ ಇದ್ದದ್ದು ಕಬ್ಬಿಣದಲ್ಲಿ. ಆಗ ಯುರೋಪಿನಲ್ಲಿ ಇಂಥ ರಾಕೆಟ್‌ಗಳಿಗೆ ಕಾಗದ, ರಟ್ಟಿನಂಥ ಕೊಳವೆ ಬಳಸುತ್ತಿದ್ದರು. ಅವು ಹೆಚ್ಚಿನ ಒತ್ತಡ ತಾಳುತ್ತಿರಲಿಲ್ಲ. ಕಬ್ಬಿಣದ ಕೊಳವೆ ತಾಳುತ್ತಿತ್ತು. ಹಾಗಾಗಿ ಮೈಸೂರಿನ ಬಾಣಗಳು ಸುಮಾರು 900 ಮೀಟರಿನಷ್ಟು ದೂರ ಹೋಗಬಲ್ಲವಾಗಿದ್ದವು. ಬೆಂಗಳೂರಿನ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಟಿಪ್ಪುವಿನ ಸಾಧನೆ ಕಂಡುಹಿಡಿದದ್ದರಲ್ಲಿ ಇಲ್ಲ. ಅಜ್ಜನ ಕಾಲದಿಂದ ಬಂದ ವಸ್ತುವನ್ನು ಆತ ದೊಡ್ಡ ಪ್ರಮಾಣದಲ್ಲಿ ಮಾಡಿಸಿ ಸೈನ್ಯದ ಕ್ರಮದೊಳಗೆ ತಂದ. ಕುಶೂನ್ ಎಂಬ ಪ್ರತಿ ಸೈನ್ಯ ತುಕಡಿಯಲ್ಲಿ ಸುಮಾರು 200 ಮಂದಿ ಬಾಣದವರಿದ್ದರು. ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರಿಗೆ 600 ಉಡಾವಣಾ ಸಾಧನಗಳು, ಬಳಸಲು ಸಿದ್ಧವಾದ 700 ರಾಕೆಟ್‌ಗಳು, 9,000 ಖಾಲಿ ಕೊಳವೆಗಳು ಸಿಕ್ಕವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ 1,000ಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕಿದ್ದು ಹಲವರಿಗೆ ನೆನಪಿರಬಹುದು.

ಇಂಗ್ಲೆಂಡಿಗೆ ಹೋದ ಈ ಬಾಣಗಳನ್ನು ನೋಡಿದ ಮೇಲೆ ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗ ಶುರುಮಾಡಿದ. ಅವನ ರಾಕೆಟ್‌ಗಳನ್ನು ಬ್ರಿಟಿಷರು 1807ರಲ್ಲಿ ಕೋಪನ್‌ಹೇಗನ್ ಮೇಲೆ ಹಾರಿಸಿದರು. ನಾಸಾದ ಚಿತ್ರದ ಮಾತಿಗೂ ಆಧಾರವಿದೆ. ಅಮೆರಿಕದ ವಾಲಪ್ಸ್ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದಾಗ ಟಿಪ್ಪು ಸೈನ್ಯದ ರಾಕೆಟ್ ದಾಳಿಯ ಚಿತ್ರವನ್ನು ಅಲ್ಲಿ ಕಂಡೆನೆಂದು ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಕಲಾಂ ಹೇಳಿದ್ದು ಯುದ್ಧದ ದೃಶ್ಯದ ಬಗ್ಗೆ. ರಾಕೆಟ್ ಕಂಡುಹಿಡಿದವನು ಟಿಪ್ಪು ಎಂಬುದಕ್ಕೆ ಆ ಚಿತ್ರ ಸಾಕ್ಷಿಯಾಗುವುದಿಲ್ಲ.

1799 ಮೇ 4, ಮಧ್ಯಾಹ್ನ

1799ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಶ್ರೀರಂಗಪಟ್ಟಣವನ್ನು ಮುತ್ತಿದವು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬಾಣ ಮತ್ತು ಗುಂಡಿನ ದಾಳಿಗೆ ಸಿಕ್ಕಿ ಹಿಂದೆ ಸರಿದವರಲ್ಲಿ ಆರ್ಥರ್ ವೆಲ್ಲೆಸ್ಲಿ ಇದ್ದ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅವನೇ. ಆದರೆ ಬಾಣಗಳಿಂದ ಕೋಟೆ ಉಳಿಯಲಿಲ್ಲ. ಬ್ರಿಟಿಷ್ ಫಿರಂಗಿಗಳು ಗೋಡೆಯಲ್ಲಿ ಬಿರುಕು ಕೆಡವಿದವು. ಮೇ 4ರ ಮಧ್ಯಾಹ್ನ ಒಂದರ ಸುಮಾರಿಗೆ ಸೈನಿಕರು ಕಾವೇರಿಯ ಹರವನ್ನು ದಾಟಿ ನುಗ್ಗಿದರು.

ಟಿಪ್ಪು ಊಟದಿಂದ ಎದ್ದು ಕೋಟೆಗೋಡೆಗೆ ಹೋದ. ಅಲ್ಲಿ ನಡೆದದ್ದನ್ನು ಬ್ರಿಟಿಷ್ ಅಧಿಕಾರಿಗಳು ಯುದ್ಧದ ನಂತರ ಅವನ ಕಡೆಯವರಿಂದ ಕೇಳಿ ಬರೆದುಕೊಂಡರು. ಅದರ ಪ್ರಕಾರ ಟಿಪ್ಪು ಸಾಮಾನ್ಯ ಸಿಪಾಯಿಯಂತೆ ಗೋಡೆಯ ಮರೆಯಲ್ಲಿ ನಿಂತು ನುಗ್ಗುತ್ತಿದ್ದವರ ಮೇಲೆ ಗುಂಡು ಹಾರಿಸಿದ. ಒಂದು ಬಂದೂಕು ಖಾಲಿಯಾದಂತೆ ಸೇವಕರು ತುಂಬಿದ ಇನ್ನೊಂದನ್ನು ಅವನ ಕೈಗೆ ಕೊಡುತ್ತಿದ್ದರು.

ಒಂದು ನಳಿಗೆಯಿಂದ ಎರಡು ಗುಂಡು ಹಾರಿಸಲು ಶ್ರೀರಂಗಪಟ್ಟಣದ ಕಸುಬುದಾರರು ಅಷ್ಟು ಕಷ್ಟಪಟ್ಟಿದ್ದರು. ಕೊನೆಯ ಮಧ್ಯಾಹ್ನ ಸತತವಾಗಿ ಗುಂಡು ಹಾರಿದ್ದು ಹಿಂದೆ ನಿಂತು ಮದ್ದು ತುಂಬಿಕೊಟ್ಟ ಸೇವಕರ ಕೈಗಳಿಂದ. ಅವರಲ್ಲಿ ಹೆಚ್ಚಿನವರ ಹೆಸರು ಇತಿಹಾಸದಲ್ಲಿ ಉಳಿದಿಲ್ಲ.

ಗಾಯಗೊಂಡ ಟಿಪ್ಪು ಕುದುರೆಯೇರಿ ಒಳಕೋಟೆಯ ಬಾಗಿಲ ಕಡೆಗೆ ಹೋದ. ಅಲ್ಲಿನ ನೂಕುನುಗ್ಗಲಿನಲ್ಲಿ ಮತ್ತೆ ಗುಂಡೇಟು ಬಿದ್ದು ಕೆಳಗುರುಳಿದ. ತಾನು ಯಾರೆಂದು ಬ್ರಿಟಿಷರಿಗೆ ತಿಳಿಸಿ ಜೀವ ಉಳಿಸಿಕೊಳ್ಳಿ ಎಂದು ಸೇವಕ ರಾಜಾ ಖಾನ್ ಬೇಡಿಕೊಂಡರೂ ಒಪ್ಪಲಿಲ್ಲ. ರಾತ್ರಿ ದೀಪ ಹಿಡಿದು ಹುಡುಕಿದಾಗ ಬಾಗಿಲೊಳಗೆ ಹೆಣಗಳ ರಾಶಿಯಲ್ಲಿ ಅವನ ದೇಹ ಸಿಕ್ಕಿತು. ಮರುದಿನ ಗುಂಬಜ್‌ನಲ್ಲಿ ತಂದೆತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಆಯುಧಶಾಲೆಯ ಬಂದೂಕುಗಳು ಲೂಟಿಯಾಗಿ, ಹಂಚಿಕೆಯಾಗಿ ಇಂಗ್ಲೆಂಡಿನ ಮನೆಮನೆ ಸೇರಿದವು.

ಹಾಗಾದರೆ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

ಟಿಪ್ಪುವೇ ರಾಕೆಟ್ ಕಂಡುಹಿಡಿದ ಎಂಬುದು ಸುಳ್ಳು. ಕಬ್ಬಿಣದ ಕೊಳವೆಯ ರಾಕೆಟ್ಟನ್ನು ಹೈದರ್ ಮತ್ತು ಟಿಪ್ಪು ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ತಂದರು, ಅದು ಬ್ರಿಟಿಷರ ರಾಕೆಟ್‌ಗೆ ಪ್ರೇರಣೆಯಾಯಿತು ಎಂಬುದು ನಿಜ.

ಜಗತ್ತಿನ ಮೊದಲ ಸತತ ಗುಂಡಿನ ರೈಫಲ್ ಟಿಪ್ಪುವಿನದು ಎಂಬುದು ಸುಳ್ಳು. ಅದು ರೈಫಲ್ ಅಲ್ಲ, ಮೊದಲನೆಯದೂ ಅಲ್ಲ, ಸೈನ್ಯದ ಆಯುಧವೂ ಆಗಲಿಲ್ಲ. ಅಂಥ ಬಂದೂಕನ್ನು ಶ್ರೀರಂಗಪಟ್ಟಣದಲ್ಲಿ ಮಾಡಿದ್ದರು ಎಂಬುದು ನಿಜ.

ಎಲ್ಲವನ್ನೂ ಫ್ರೆಂಚರೇ ಮಾಡಿದರು ಎಂಬುದೂ ಸುಳ್ಳು. ಫ್ರೆಂಚರಿಂದ ಕಲಿತದ್ದಿದೆ, ಮಾಡಿದ ಕೈಗಳು ಇಲ್ಲಿನವು.

ಒಂದೇ ಒಂದು ಅಚ್ಚರಿಯ ವಸ್ತುವನ್ನು ತೋರಿಸಿ ಆ ಕಾಲದಲ್ಲೇ ನಮ್ಮಲ್ಲಿ ಎಲ್ಲವೂ ಇತ್ತು ಎಂದು ಹೇಳುವ ಫಾರ್ವರ್ಡ್ ಮುಂದೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಅಂಥವು ಎಷ್ಟು ಇದ್ದವು, ಯಾರ ಕೈಯಲ್ಲಿದ್ದವು? ಅರಸನ ಆಯುಧಶಾಲೆಯಲ್ಲಿ ಒಂದು ಇರುವುದಕ್ಕೂ ಸಾವಿರ ಸಿಪಾಯಿಗಳ ಹೆಗಲ ಮೇಲೆ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ಟಿಪ್ಪುವಿನ ಎರಡು ಗುಂಡಿನ ಬಂದೂಕು ಆ ವ್ಯತ್ಯಾಸವನ್ನು ದಾಟಲಿಲ್ಲ, ಬಿದಿರು ಕಟ್ಟಿದ ಬಾಣ ದಾಟಿತು. ಇದನ್ನು ಓದಿದ ಮೇಲೆ ಆ ಹಳೆಯ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಅದರ ಕೆಳಗೆ ಇದನ್ನೂ ಹಾಕಿ.